ಕನ್ನಡ ಮಾಧ್ಯಮದಿಂದ ಡಿಗ್ರಿಗೆ ಬಂದವರು ಇಂಗ್ಲಿಷ್ ಹಿಡಿಯುವ ಬಗೆ

ಹತ್ತನೇ ತರಗತಿವರೆಗೆ ಕನ್ನಡದಲ್ಲೇ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದವಳು, ಪಿಯುಸಿಯ ಎರಡು ವರ್ಷವನ್ನು ನೋಟ್ಸ್ ಉರು ಹೊಡೆದು ದಾಟಿ, ಈಗ ಬಿ.ಎಸ್ಸಿ. ತರಗತಿಯಲ್ಲಿ ಬಂದು ಕೂತಿದ್ದಾಳೆ ಎಂದುಕೊಳ್ಳಿ. ಉಪನ್ಯಾಸಕರು ‘ಆಸ್ಮೋಸಿಸ್’ ಎನ್ನುತ್ತಾರೆ. ಅಭಿಸರಣೆ ಎಂದರೇನೆಂದು ಅವಳಿಗೆ ಚೆನ್ನಾಗಿ ಗೊತ್ತು. ಒಣದ್ರಾಕ್ಷಿ ನೀರಿನಲ್ಲಿ ಏಕೆ ಊದಿಕೊಳ್ಳುತ್ತದೆ ಎಂದು ತಮ್ಮನಿಗೆ ಬಿಡಿಸಿ ಹೇಳಬಲ್ಲಳು. ಆದರೆ ಎರಡೂ ಒಂದೇ ಎಂದು ಹೊಳೆಯುವಷ್ಟರಲ್ಲಿ ಪಾಠ ನಾಲ್ಕು ವಾಕ್ಯ ಮುಂದೆ ಹೋಗಿರುತ್ತದೆ. ಅಲ್ಲಿಂದ ಮುಂದಿನದೆಲ್ಲ ತಲೆಯ ಮೇಲೆ ಹಾದುಹೋಗುತ್ತದೆ.

ಇಂಥವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಕನ್ನಡ ಬಿಡು, ಇಂಗ್ಲಿಷಿನಲ್ಲೇ ಯೋಚನೆ ಮಾಡು, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರು. ಈ ಸಲಹೆ ಬುಡದಿಂದಲೇ ತಪ್ಪು. ವಿಷಯ ಕೂತಿರುವುದು ಕನ್ನಡದಲ್ಲಿ. ತಪ್ಪುಗಳು ಹುಟ್ಟುವುದೂ ಕನ್ನಡದ ವಾಕ್ಯ ಕಟ್ಟುವ ಕ್ರಮದಿಂದ. ಹಾಗಾಗಿ ಕನ್ನಡವನ್ನು ಪಕ್ಕದಲ್ಲಿಟ್ಟುಕೊಂಡು ಕಲಿತರೆ ಬೇಗ ಕಲಿಯಬಹುದು. ಕೆಳಗಿರುವುದು ಸುಮಾರು ಆರು ತಿಂಗಳ ಕೆಲಸ, ದಿನಕ್ಕೆ ಒಂದು ಗಂಟೆಯಂತೆ.

ಮೊದಲ ದಿನ: ಎಲ್ಲಿ ನಿಂತಿದ್ದೀರಿ ನೋಡಿಕೊಳ್ಳಿ

ನಿಮ್ಮದೇ ಪಠ್ಯಪುಸ್ತಕದ ಯಾವುದಾದರೂ ಪುಟ ತೆರೆದು ನೂರು ಪದ ಎಣಿಸಿ. ಅರ್ಥ ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ನೂರಕ್ಕೆ ಎರಡಕ್ಕಿಂತ ಹೆಚ್ಚು ಗೆರೆ ಬೀಳದಿದ್ದರೆ ಆ ಪುಸ್ತಕವನ್ನು ಯಾರ ಸಹಾಯವೂ ಇಲ್ಲದೆ ಓದಬಲ್ಲಿರಿ. ಐದರವರೆಗೆ ಇದ್ದರೆ ನಿಘಂಟಿನ ಜೊತೆ ಓದಬಹುದು. ಐದು ದಾಟಿದರೆ ಆ ಪುಸ್ತಕದ ಮೇಲೆ ತಲೆ ಚಚ್ಚಿಕೊಳ್ಳುವುದನ್ನು ಸದ್ಯಕ್ಕೆ ನಿಲ್ಲಿಸಿ. ಇಪ್ಪತ್ತರಲ್ಲಿ ಒಂದು ಪದ ತಪ್ಪಿದರೂ ಸಂದರ್ಭದಿಂದ ಊಹಿಸಬಹುದು. ಹತ್ತರಲ್ಲಿ ಒಂದು ತಪ್ಪಿದರೆ ಊಹೆಗೆ ಆಧಾರವೇ ಉಳಿಯುವುದಿಲ್ಲ.

ಆಮೇಲೆ ಫೋನಿನಲ್ಲಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ: ನಿಮ್ಮ ಊರಿನಿಂದ ಕಾಲೇಜಿಗೆ ಬರುವ ದಾರಿಯ ಬಗ್ಗೆ. ಹೇಗೆ ಬಂದರೂ ಅಳಿಸಬೇಡಿ. ಮೂರು ತಿಂಗಳ ನಂತರ ಅದೇ ವಿಷಯ ಮತ್ತೆ ಮಾತಾಡಿ ಹೋಲಿಸಿ. ಕಲಿಕೆ ಮುಂದೆ ಹೋಗಿದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ನಂಬಿಕೆಯ ಅಳತೆ ಬೇರೆ ಇಲ್ಲ.

ಮೊದಲ ತಿಂಗಳು: ಸೇತುವೆ ಪುಸ್ತಕ

ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಪುಟಕ್ಕೆ ಮೂರು ಕಂಬ ಹಾಕಿ. ಮೊದಲನೆಯದರಲ್ಲಿ ಕನ್ನಡ ಪದ, ಎರಡನೆಯದರಲ್ಲಿ ಇಂಗ್ಲಿಷ್ ಪದ, ಮೂರನೆಯದರಲ್ಲಿ ಆ ಪದ ಬರುವ ಒಂದು ಪೂರ್ತಿ ಇಂಗ್ಲಿಷ್ ವಾಕ್ಯ. ವಾಕ್ಯವನ್ನು ನೀವೇ ಕಟ್ಟಬೇಡಿ, ಪುಸ್ತಕದಿಂದ ಇಳಿಸಿಕೊಳ್ಳಿ. ವೇಗೋತ್ಕರ್ಷದ ಎದುರು ‘ಆ್ಯಕ್ಸಲರೇಷನ್’, ದ್ಯುತಿಸಂಶ್ಲೇಷಣೆಯ ಎದುರು ‘ಫೋಟೋಸಿಂಥೆಸಿಸ್’, ಬಹುಪದೋಕ್ತಿಯ ಎದುರು ‘ಪಾಲಿನೋಮಿಯಲ್’. ವಾಣಿಜ್ಯದವರಿಗೆ ಸವಕಳಿಯ ಎದುರು ‘ಡಿಪ್ರಿಸಿಯೇಷನ್’, ಹೊಣೆಗಾರಿಕೆಯ ಎದುರು ‘ಲಯಬಿಲಿಟಿ’.

ಈ ಪದಗಳನ್ನು ಎಲ್ಲಿಂದ ತರುವುದು? ಕರ್ನಾಟಕ ಪಠ್ಯಪುಸ್ತಕ ಸಂಘ ಹತ್ತನೇ ತರಗತಿಯ ವಿಜ್ಞಾನ, ಗಣಿತ, ಸಮಾಜ ವಿಜ್ಞಾನದ ಪುಸ್ತಕಗಳನ್ನು ಕನ್ನಡ ಮಾಧ್ಯಮಕ್ಕೂ ಇಂಗ್ಲಿಷ್ ಮಾಧ್ಯಮಕ್ಕೂ ಹೊರತರುತ್ತದೆ. ಎರಡೂ ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಧ್ಯಾಯಗಳ ಕ್ರಮ ಅದೇ, ಚಿತ್ರಗಳೂ ಅವೇ. ಒಂದೇ ಅಧ್ಯಾಯವನ್ನು ಮೊದಲು ಕನ್ನಡದಲ್ಲಿ ಓದಿ, ಮಾರನೇ ದಿನ ಇಂಗ್ಲಿಷಿನಲ್ಲಿ ಓದಿ. ಅರ್ಥ ಆಗಲೇ ಗೊತ್ತಿರುವುದರಿಂದ ಮನಸ್ಸು ಭಾಷೆಯ ಮೇಲೆ ನಿಲ್ಲುತ್ತದೆ. ವಾರಕ್ಕೆ ಎರಡು ಅಧ್ಯಾಯ ಸಾಕು. ಡಿಗ್ರಿಗೆ ಬಂದವರು ಹತ್ತನೇ ತರಗತಿ ಪುಸ್ತಕ ಹಿಡಿಯುವುದೇ ಎಂದು ಸಂಕೋಚಪಡುವವರು ಇದ್ದಾರೆ. ಸಾವಿರಾರು ರೂಪಾಯಿಯ ಕೋರ್ಸ್ ಕೊಡದ ಲಾಭ ಈ ಎರಡು ಪುಸ್ತಕದಲ್ಲಿದೆ.

ಇಲ್ಲಿ ಒಂದು ಎಚ್ಚರ ಬೇಕು. ಮಾತಿನ ಕನ್ನಡದಲ್ಲಿ ‘ಸ್ಪೀಡ್’ ಕೂಡ ವೇಗ, ‘ವೆಲಾಸಿಟಿ’ ಕೂಡ ವೇಗ. ಪಠ್ಯಪುಸ್ತಕದಲ್ಲಿ ಮೊದಲನೆಯದು ಜವ, ಎರಡನೆಯದು ಮಾತ್ರ ವೇಗ. ಹಾಗಾಗಿ ಪಾರಿಭಾಷಿಕ ಪದವನ್ನು ಮೊಬೈಲ್ ಅನುವಾದಕದಿಂದ ತೆಗೆಯಬೇಡಿ, ಪಠ್ಯದಿಂದಲೇ ತೆಗೆಯಿರಿ.

ಓದುವಾಗ ವಾಕ್ಯ ಏಕೆ ಕೈಗೆ ಸಿಗುವುದಿಲ್ಲ

ಪದಗಳೆಲ್ಲ ಗೊತ್ತಿದ್ದೂ ವಾಕ್ಯ ಅರ್ಥವಾಗದಿರುವುದು ಬಹಳ ಜನರ ಅನುಭವ. ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ:

‘ದ ರೇಟ್ ಆ್ಯಟ್ ವಿಚ್ ದ ವೆಲಾಸಿಟಿ ಆಫ್ ಎ ಬಾಡಿ ಚೇಂಜಸ್ ವಿತ್ ಟೈಮ್ ಈಸ್ ಕಾಲ್ಡ್ ಆ್ಯಕ್ಸಲರೇಷನ್.’

ಇದು ಕನ್ನಡದಲ್ಲಿ: ‘ಕಾಲದೊಂದಿಗೆ ಕಾಯದ ವೇಗ ಬದಲಾಗುವ ದರವನ್ನು ವೇಗೋತ್ಕರ್ಷ ಎನ್ನುತ್ತೇವೆ.’

ಇಂಗ್ಲಿಷಿನಲ್ಲಿ ‘ರೇಟ್’ ಮೊದಲೇ ಬಂದು ನಿಂತಿದೆ, ಅದರ ವಿವರಣೆ ಹಿಂದೆ ಬಾಲದಂತೆ ನೇತಾಡುತ್ತಿದೆ. ಕನ್ನಡದಲ್ಲಿ ವಿವರಣೆಯೆಲ್ಲ ಮುಗಿದ ಮೇಲೆ ‘ದರ’ ಬರುತ್ತದೆ. ‘ಟೈಮ್’ ಅಲ್ಲಿ ಬಾಲದ ತುದಿ, ಇಲ್ಲಿ ವಾಕ್ಯದ ತಲೆ. ಎರಡೂ ಭಾಷೆ ಕನ್ನಡಿಯಲ್ಲಿ ನೋಡಿದ ಹಾಗೆ ತಿರುವುಮುರುವು. ‘ನಿನ್ನೆ ಬಂದ ಹುಡುಗ’ ಎನ್ನುವಾಗ ನಾವು ಹುಡುಗನನ್ನು ಕೊನೆಗೆ ತರುತ್ತೇವೆ, ಇಂಗ್ಲಿಷ್ ‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’ ಎಂದು ಹುಡುಗನಿಂದಲೇ ಶುರು ಮಾಡುತ್ತದೆ. ಎಡದಿಂದ ಬಲಕ್ಕೆ ಪದಕ್ಕೆ ಪದ ಕನ್ನಡ ಮಾಡುತ್ತ ಹೋದವರು ‘ಆ್ಯಟ್ ವಿಚ್’ ಹತ್ತಿರ ಬಂದು ನಿಂತುಬಿಡುವುದು ಇದರಿಂದಲೇ.

ಪರಿಹಾರ ಹೀಗೆ. ಮೊದಲು ವಾಕ್ಯದ ಮುಖ್ಯ ಕ್ರಿಯಾಪದ ಹುಡುಕಿ ಅದರ ಸುತ್ತ ವೃತ್ತ ಹಾಕಿ. ಇಲ್ಲಿ ಅದು ‘ಈಸ್ ಕಾಲ್ಡ್’. ಅದಕ್ಕೆ ಮುಂಚೆ ಒಂದು ಉದ್ದ ಗೆರೆ ಎಳೆಯಿರಿ. ಗೆರೆಯ ಎಡಗಡೆಯ ಮೊದಲ ಮುಖ್ಯ ನಾಮಪದ ಹುಡುಕಿ: ‘ರೇಟ್’. ಈಗ ಬಾಲ ಕತ್ತರಿಸಿ ಓದಿ: ‘ದ ರೇಟ್ ಈಸ್ ಕಾಲ್ಡ್ ಆ್ಯಕ್ಸಲರೇಷನ್.’ ಎಂಥ ದರ? ಬಾಲದಲ್ಲಿ ಉತ್ತರವಿದೆ. ‘ವಿಚ್’, ‘ಹೂ’, ‘ದಟ್’, ‘ಆಫ್’ ಕಂಡಲ್ಲೆಲ್ಲ ಬಾಲ ಶುರುವಾಯಿತು ಎಂದು ತಿಳಿಯಿರಿ. ದಿನಕ್ಕೆ ಐದು ವಾಕ್ಯವನ್ನು ಹೀಗೆ ಪೆನ್ಸಿಲ್ ಹಿಡಿದು ಬಿಡಿಸಿ. ಮೂರು ವಾರ ಮಾಡಿದರೆ ಪೆನ್ಸಿಲ್ ಬೇಕಾಗುವುದು ಕಡಿಮೆಯಾಗುತ್ತದೆ, ಕಣ್ಣೇ ಗೆರೆ ಎಳೆಯಲು ಕಲಿಯುತ್ತದೆ.

ಇದರ ಜೊತೆಗೆ ದಿನಕ್ಕೆ ಒಂದು ಪುಟ ಓದು, ಇಪ್ಪತ್ತೈದು ನಿಮಿಷ. ನಿಘಂಟು ತೆರೆಯುವುದು ಎಂಟು ಪದಕ್ಕೆ ಮಾತ್ರ. ಎಲ್ಲ ಪದದ ಮೇಲೂ ಕನ್ನಡ ಬರೆಯುತ್ತ ಹೋದರೆ ಕಣ್ಣು ಕನ್ನಡವನ್ನಷ್ಟೇ ಓದುತ್ತದೆ, ಕೆಳಗಿನ ಸಾಲು ಮಸುಕಾಗುತ್ತದೆ. ಅರ್ಥವನ್ನು ಪುಟದ ಅಂಚಿನಲ್ಲಿ ಬರೆಯಿರಿ.

ಪದಗಳು: ಎಷ್ಟು, ಯಾವುವು

ಇಂಗ್ಲಿಷಿನಲ್ಲಿ ಲಕ್ಷಾಂತರ ಪದಗಳಿವೆ ಎಂದು ಹೆದರುವ ಕಾರಣವಿಲ್ಲ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್, ಕಲಿಯುವವರಿಗೆ ಹೆಚ್ಚು ಬಳಕೆಗೆ ಬರುವ ಸುಮಾರು 2000 ಪದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದರು. ನ್ಯೂಜಿಲೆಂಡಿನ ಭಾಷಾ ಸಂಶೋಧಕಿ ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಇನ್ನೊಂದು ಪಟ್ಟಿ ಕೊಟ್ಟರು. ವಿಶ್ವವಿದ್ಯಾಲಯದ ಓದಿನಲ್ಲಿ, ಯಾವ ವಿಷಯವಾದರೂ ಸರಿ, ಪದೇ ಪದೇ ಬರುವ 570 ಪದಕುಟುಂಬಗಳು ಅದರಲ್ಲಿವೆ. ಪಠ್ಯದ ಪ್ರತಿ ನೂರು ಪದದಲ್ಲಿ ಸುಮಾರು ಹತ್ತು ಈ ಪಟ್ಟಿಯವೇ. ಎರಡೂ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತವೆ.

ಮೊದಲ ಪಟ್ಟಿಯಲ್ಲಿ ನಿಮಗೆ ಅರ್ಧಕ್ಕಿಂತ ಹೆಚ್ಚು ಆಗಲೇ ಗೊತ್ತಿರುತ್ತದೆ. ಗೊತ್ತಿರುವುದಕ್ಕೆ ಟಿಕ್ ಹಾಕಿ, ಉಳಿದದ್ದನ್ನು ಕಲಿಯಿರಿ. ಎರಡನೆಯದನ್ನು ದಿನಕ್ಕೆ ಐದರಂತೆ, ವಾರಕ್ಕೆ ಐದು ದಿನ ಮಾಡಿದರೆ ಇಪ್ಪತ್ಮೂರು ವಾರಕ್ಕೆ ಮುಗಿಯುತ್ತದೆ. ಒಂಟಿ ಪದ ಕಲಿಯಬೇಡಿ, ಕುಟುಂಬವನ್ನೇ ಹಿಡಿಯಿರಿ: ‘ಅನಲೈಸ್’, ‘ಅನಾಲಿಸಿಸ್’, ‘ಅನಲಿಟಿಕಲ್’. ಕ್ರಿಯಾಪದ ಯಾವುದು, ನಾಮಪದ ಯಾವುದು ಎಂದು ಪಕ್ಕದಲ್ಲಿ ಗುರುತಿಸಿ. ಇದನ್ನು ಬಿಟ್ಟವರೇ ‘ವಿ ಅನಾಲಿಸಿಸ್ ದ ಡೇಟಾ’ ಎಂದು ಬರೆಯುವುದು.

ನೆನಪಿನಲ್ಲಿ ಉಳಿಯಲು ಅಂತರ ಬಿಟ್ಟು ನೋಡಬೇಕು. ಕಲಿತದ್ದನ್ನು ಮನಸ್ಸು ಮೊದಲ ಒಂದೆರಡು ದಿನದಲ್ಲೇ ಹೆಚ್ಚು ಮರೆಯುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದ್ದ. ಹಾಗಾಗಿ ಕಲಿತ ಪದವನ್ನು ಮಾರನೇ ದಿನ, ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ, ಮೂವತ್ತನೇ ದಿನ ತಿರುಗಿ ನೋಡಿ. ಅರ್ಥ ಮುಚ್ಚಿಟ್ಟು ನೆನಪಿಸಿಕೊಳ್ಳಬೇಕು, ಸುಮ್ಮನೆ ಓದಿದರೆ ಆಗುವುದಿಲ್ಲ. ರಟ್ಟಿನ ಚೀಟಿ ಸಾಕು. ಫೋನ್ ಇಷ್ಟವಾದರೆ ‘ಆಂಕಿ’ ಆ್ಯಪ್ ಈ ಲೆಕ್ಕವನ್ನು ತಾನೇ ಇಡುತ್ತದೆ.

ನಿಘಂಟು ಎರಡು ಬೇಕು. ಅರ್ಥ ಹೊಳೆಯಲು ಇಂಗ್ಲಿಷ್–ಕನ್ನಡ ನಿಘಂಟು. ಬಳಕೆ ತಿಳಿಯಲು ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್ ನಿಘಂಟು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರೂ ಆನ್‌ಲೈನಿನಲ್ಲಿ ಉಚಿತ. ಲಾಂಗ್‌ಮನ್‌ನಲ್ಲಿ ಅರ್ಥವನ್ನು ಸುಮಾರು 2000 ಸರಳ ಪದಗಳೊಳಗೇ ಬರೆದಿರುತ್ತಾರೆ, ಅದರಿಂದ ಅರ್ಥಕ್ಕೆ ಮತ್ತೊಂದು ಅರ್ಥ ಹುಡುಕುವ ಪಾಡಿಲ್ಲ. ಸ್ಪೀಕರ್ ಗುರುತು ಒತ್ತಿ ಉಚ್ಚಾರಣೆಯನ್ನೂ ಕೇಳಿ.

ಇನ್ನೊಂದು ಗುಂಪಿನ ಪದಗಳನ್ನು ಪರೀಕ್ಷೆಗೆ ಮೊದಲು ಕಲಿಯಲೇಬೇಕು. ವಿಷಯ ಗೊತ್ತಿದ್ದೂ ಅಂಕ ಕಳೆದುಕೊಳ್ಳುವುದು ಪ್ರಶ್ನೆಯ ಕ್ರಿಯಾಪದ ತಿಳಿಯದೆ. ‘ಡಿಫೈನ್’ ಎಂದರೆ ಒಂದೆರಡು ವಾಕ್ಯದ ವ್ಯಾಖ್ಯೆ. ‘ಸ್ಟೇಟ್’ ಎಂದರೆ ನಿಯಮವನ್ನು ಹೇಳಿದರೆ ಸಾಕು, ಸಾಧಿಸಬೇಕಿಲ್ಲ. ‘ಡಿರೈವ್’ ಎಂದರೆ ಹೆಜ್ಜೆ ಹೆಜ್ಜೆಯಾಗಿ ಸೂತ್ರ ತರಬೇಕು. ‘ಡಿಸ್ಟಿಂಗ್ವಿಷ್’ ಎಂದರೆ ವ್ಯತ್ಯಾಸ, ಎರಡು ಕಂಬದಲ್ಲಿ. ‘ಇಲ್ಲಸ್ಟ್ರೇಟ್’ ಎಂದರೆ ಉದಾಹರಣೆಯೋ ಚಿತ್ರವೋ ಇರಲೇಬೇಕು. ‘ಜಸ್ಟಿಫೈ’ ಎಂದರೆ ಕಾರಣ ಕೊಡಬೇಕು. ‘ಕ್ರಿಟಿಕಲಿ ಎಕ್ಸಾಮಿನ್’ ಎಂದರೆ ಬೈಯುವುದಲ್ಲ, ಗುಣದೋಷ ಎರಡನ್ನೂ ತೂಗುವುದು. ‘ಅನ್‌ಲೆಸ್’, ‘ವೇರ್‌ಆ್ಯಸ್’, ‘ಪ್ರೊವೈಡೆಡ್ ದಟ್’, ‘ರೆಸ್ಪೆಕ್ಟಿವ್ಲಿ’ ಕೂಡ ಇದೇ ಜಾತಿ. ಒಂದನ್ನು ತಪ್ಪು ತಿಳಿದರೆ ಇಡೀ ಪ್ರಶ್ನೆ ತಿರುಗಿ ನಿಲ್ಲುತ್ತದೆ.

ಕನ್ನಡದೊಳಗೆ ಬಂದು ಕೂತ ಇಂಗ್ಲಿಷ್ ಪದಗಳ ಬಗ್ಗೆಯೂ ಒಂದು ಮಾತು. ಬಸ್ಸು, ರೋಡು, ಟೈಮು, ಫೀಸು ಎಂದು ನೂರಾರು ಪದ ಆಗಲೇ ನಿಮ್ಮವು, ಅದು ದೊಡ್ಡ ಆಸ್ತಿ. ಆದರೆ ಕೆಲವು ಇಲ್ಲಿಗೆ ಬಂದು ಅರ್ಥ ಬದಲಿಸಿಕೊಂಡಿವೆ. ನಮ್ಮ ‘ಡೌಟ್’ ಪ್ರಶ್ನೆ, ಅವರ ‘ಡೌಟ್’ ಸಂಶಯ. ನಮ್ಮಲ್ಲಿ ‘ಪಾಸ್‌ಔಟ್’ ಆದವರು ಡಿಗ್ರಿ ಮುಗಿಸಿದವರು, ಹೊರದೇಶದ ಸಂದರ್ಶನದಲ್ಲಿ ಹಾಗೆಂದರೆ ಮೂರ್ಛೆ ಹೋದರು ಎಂದು ಕೇಳಿಸಬಹುದು. ‘ಗ್ರ್ಯಾಜುಯೇಟೆಡ್’ ಎನ್ನಿ.

ವಾಕ್ಯ ಕಟ್ಟುವಾಗ ಕನ್ನಡ ಎಲ್ಲಿ ಇಣುಕುತ್ತದೆ

ಹೆಚ್ಚು ಸಮಯ ಕೊಡಬೇಕಾದ ಭಾಗ ಇದು. ತಪ್ಪುಗಳು ನೂರಾರು ಕಂಡರೂ ಬೇರುಗಳು ಹತ್ತೋ ಹನ್ನೆರಡೋ.

‘ಅವರು ನಮ್ಮ ಮೇಷ್ಟ್ರು’ ಎಂಬ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಕನ್ನಡಕ್ಕೆ ಬೇಕಿಲ್ಲ. ಇಂಗ್ಲಿಷಿಗೆ ‘ಈಸ್’ ಬೇಕೇ ಬೇಕು. ಇದನ್ನು ಬಿಡುವವರು ಒಂದು ಕಡೆ. ಇನ್ನೊಂದು ಕಡೆ ‘ಐ ಆ್ಯಮ್ ಅಗ್ರೀ’, ‘ಐ ಆ್ಯಮ್ ಗೋ ಟು ಕಾಲೇಜ್’ ಎನ್ನುವವರು. ಪ್ರಾಥಮಿಕ ಶಾಲೆಯಲ್ಲಿ ‘ಐ ಆ್ಯಮ್’ ಎಂದರೆ ‘ನಾನು’ ಎಂದು ಒಂದೇ ಗಂಟಾಗಿ ಬಾಯಿಪಾಠವಾಗಿರುತ್ತದೆ, ಗಂಟು ಬಿಚ್ಚಿರುವುದಿಲ್ಲ. ಬಿಚ್ಚುವ ದಾರಿ: ‘ಐ’ ನಂತರ ನಿಂತು, ಮುಂದೆ ಕೆಲಸದ ಪದ ಇದೆಯೇ ಕೇಳಿಕೊಳ್ಳಿ. ‘ಅಗ್ರೀ’ ಕೆಲಸದ ಪದ, ಹಾಗಾಗಿ ‘ಆ್ಯಮ್’ ಬೇಡ. ‘ಹಂಗ್ರಿ’ ಕೆಲಸದ ಪದವಲ್ಲ, ‘ಆ್ಯಮ್’ ಬೇಕು.

ಕನ್ನಡದಲ್ಲಿ ಅನುಭವವೆಲ್ಲ ‘ನನಗೆ’ ಆಗುತ್ತದೆ: ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ಇಂಗ್ಲಿಷ್ ಬರುವುದಿಲ್ಲ. ಇಂಗ್ಲಿಷಿನಲ್ಲಿ ಇವೆಲ್ಲ ‘ಐ’ ಆಗುತ್ತವೆ: ‘ಐ ನೋ’, ‘ಐ ನೀಡ್’, ‘ಐ ಲೈಕ್’, ‘ಐ ಕಾಂಟ್ ಸ್ಪೀಕ್ ಇಂಗ್ಲಿಷ್’. ‘ಇಂಗ್ಲಿಷ್ ಈಸ್ ನಾಟ್ ಕಮಿಂಗ್ ಟು ಮಿ’ ಹುಟ್ಟುವುದು ಇದೇ ‘ನನಗೆ’ಯಿಂದ.

‘ಅಂತ’ ತರುವ ತೊಂದರೆಯನ್ನು ಗಮನಿಸುವವರು ಕಡಿಮೆ, ಆದರೆ ಅರ್ಥವನ್ನೇ ಕೆಡಿಸುವ ತಪ್ಪು ಇದು. ‘ನಾನು ಬರ್ತೀನಿ ಅಂತ ರವಿ ಹೇಳಿದ’ ಎನ್ನುವಾಗ ‘ನಾನು’ ರವಿಯೇ. ಇದನ್ನು ‘ರವಿ ಸೆಡ್ ದಟ್ ಐ ವಿಲ್ ಕಮ್’ ಎಂದರೆ ಕೇಳಿದವರಿಗೆ ಬರುವವರು ನೀವು ಎಂದಾಗುತ್ತದೆ! ‘ರವಿ ಸೆಡ್ ದಟ್ ಹಿ ವುಡ್ ಕಮ್’ ಎನ್ನಬೇಕು. ‘ದಟ್’ ಬಂದ ಕೂಡಲೇ ಯಾರು ಎಂದು ಕೇಳಿಕೊಂಡು ಸರ್ವನಾಮ ಬದಲಿಸಿ.

ಗೌರವದ ‘ಅವರು’ ಇನ್ನೊಂದು ಬಲೆ. ಪ್ರಾಂಶುಪಾಲರು ಒಬ್ಬರೇ ಆದರೂ ‘ದೇ ಆರ್ ವೆರಿ ಕೈಂಡ್’ ಎನ್ನುತ್ತೇವೆ, ‘ಹಿ’ ಎಂದರೆ ‘ಅವನು’ ಎಂದಂತಾಯಿತೇನೋ ಎಂಬ ಅಳುಕು. ಇಂಗ್ಲಿಷಿನಲ್ಲಿ ‘ಹಿ’, ‘ಶಿ’ ಅಗೌರವವಲ್ಲ, ಗೌರವ ಅಲ್ಲಿ ‘ಪ್ಲೀಸ್’, ‘ಕುಡ್ ಯು’ ರೂಪದಲ್ಲಿ ಇರುತ್ತದೆ. ನಕಾರದ ಪ್ರಶ್ನೆಯೂ ಹೀಗೆಯೇ. ‘ನೀನು ಬರಲ್ವಾ?’ ಎಂದರೆ ನಾವು ‘ಹೂಂ, ಬರಲ್ಲ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಬರುವುದಿಲ್ಲ ಎಂದಾದರೆ ‘ನೋ’ ಎಂದೇ ಶುರು ಮಾಡಬೇಕು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ‘ಡಿಡಂಟ್ ಯು ಡು ದಿಸ್ ಎಕ್ಸ್‌ಪೆರಿಮೆಂಟ್?’ ಎಂದು ಕೇಳಿದಾಗ ಒಂದು ‘ಯೆಸ್’ ಎಷ್ಟು ಗೊಂದಲ ಮಾಡಬಲ್ಲದು ಊಹಿಸಿ.

ಪ್ರಶ್ನೆ ಮಾಡುವಾಗ ಕನ್ನಡದಲ್ಲಿ ಪದಗಳ ಸ್ಥಾನ ಕದಲುವುದಿಲ್ಲ. ನೀನು ಊರಿಗೆ ಹೋಗುತ್ತಿದ್ದೀಯ, ನೀನು ಎಲ್ಲಿಗೆ ಹೋಗುತ್ತಿದ್ದೀಯ. ಅದರ ನೆರಳು ‘ವೇರ್ ಯು ಆರ್ ಗೋಯಿಂಗ್?’ ಇಂಗ್ಲಿಷ್ ಪ್ರಶ್ನೆಯಲ್ಲಿ ‘ಆರ್’ ಮುಂದಕ್ಕೆ ಜಿಗಿಯಬೇಕು. ‘ಡಿಡ್’ ಬಂದರೆ ಭೂತಕಾಲದ ಭಾರ ಅದೇ ಹೊತ್ತಿತು, ಮುಂದಿನದು ಹಗುರಾಗಬೇಕು: ‘ಡಿಡ್ ಯು ಗೋ’, ‘ಡಿಡ್ ಯು ವೆಂಟ್’ ಅಲ್ಲ.

ಕನ್ನಡದ ಒಂದು ‘ಅಲ್ಲಿ’ಗೆ ಇಂಗ್ಲಿಷಿನಲ್ಲಿ ಮೂರು ಪದ: ‘ಆ್ಯಟ್ ಹೋಮ್’, ‘ಆನ್ ದ ಬಸ್’, ‘ಇನ್ ದ ರೂಮ್’. ಇದಕ್ಕೆ ನಿಯಮ ಹುಡುಕುವುದಕ್ಕಿಂತ ಜೋಡಿಯಾಗಿ ಕಲಿಯುವುದು ಲೇಸು. ಬೇಡದ ಕಡೆ ಸೇರಿಸುವುದೂ ಉಂಟು. ನಾವು ಒಂದರ ಬಗ್ಗೆ ಚರ್ಚಿಸುತ್ತೇವೆ, ಅದಕ್ಕೇ ‘ಡಿಸ್ಕಸ್ ಅಬೌಟ್’ ಬರುತ್ತದೆ. ‘ಡಿಸ್ಕಸ್’ ಒಂದೇ ಸಾಕು.

‘ಎ’, ‘ಆ್ಯನ್’, ‘ದ’ ಕನ್ನಡದಲ್ಲಿ ಇಲ್ಲ, ಹಾಗಾಗಿ ಕೊನೆಗೆ ಸರಿಯಾಗುವುದು ಇವೇ. ಮೊದಲ ಆರು ತಿಂಗಳು ಎರಡೇ ಪ್ರಶ್ನೆ ಸಾಕು. ಎಣಿಸಬಹುದಾದ ಒಂಟಿ ವಸ್ತುವೇ? ಹಾಗಿದ್ದರೆ ಬರಿದಾಗಿ ಬಿಡಬೇಡಿ. ಕೇಳುವವರಿಗೆ ಯಾವುದು ಎಂದು ಗೊತ್ತೇ? ಗೊತ್ತಿದ್ದರೆ ‘ದ’, ಇಲ್ಲದಿದ್ದರೆ ‘ಎ’. ‘ಆ್ಯನ್’ ಬರುವುದು ಮುಂದಿನ ಧ್ವನಿ ಸ್ವರವಾದಾಗ, ಅಕ್ಷರ ನೋಡಿ ಅಲ್ಲ: ‘ಆ್ಯನ್ ಅವರ್’, ‘ಎ ಯೂನಿವರ್ಸಿಟಿ’. ನಮ್ಮ ಬಾಯಿ ಎಮ್ಮೆಸ್ಸಿಯನ್ನು ‘ಯೆಮ್ಮೆಸ್ಸಿ’ ಎನ್ನುವುದರಿಂದ ಕಿವಿ ‘ಎ’ ಹಾಕು ಎನ್ನುತ್ತದೆ. ಸರಿಯಾದದ್ದು ‘ಆ್ಯನ್ ಎಮ್ಮೆಸ್ಸಿ’.

‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಸ್ಮಾಲ್ ಸ್ಮಾಲ್ ಥಿಂಗ್ಸ್’, ‘ಹಿಯರ್ ಓನ್ಲಿ’ ಇಂಥವು ದೇಶದ ತುಂಬ ಕೇಳಿಬರುತ್ತವೆ. ಗೆಳೆಯರ ಮಾತಿನಲ್ಲಿ ಇವಕ್ಕೆ ನಾಚಿಕೊಳ್ಳಬೇಕಾದದ್ದು ಏನೂ ಇಲ್ಲ. ಉತ್ತರಪತ್ರಿಕೆಯಲ್ಲಿ, ಅರ್ಜಿಯಲ್ಲಿ ಬರೆಯಬೇಡಿ, ಅಷ್ಟೇ.

ಅಭ್ಯಾಸದ ಕ್ರಮ: ಎರಡು ವಾರಕ್ಕೆ ಒಂದೇ ತಪ್ಪು ಆರಿಸಿಕೊಳ್ಳಿ. ದಿನಕ್ಕೆ ಐದು ವಾಕ್ಯ ಬರೆಯಿರಿ, ತಿದ್ದುವಾಗ ಆ ಒಂದು ತಪ್ಪನ್ನು ಮಾತ್ರ ಹುಡುಕಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟರೆ ಕೈಯೇ ಓಡುವುದಿಲ್ಲ. ತಿದ್ದಿದ ವಾಕ್ಯವನ್ನು ಪುಸ್ತಕದ ಹಿಂಬದಿಯಲ್ಲಿ ದಿನಾಂಕ ಹಾಕಿ ಬರೆದಿಡಿ, ತಿಂಗಳಿಗೊಮ್ಮೆ ಓದಿ.

ಉಚ್ಚಾರಣೆ

ಹ್ರಸ್ವ ದೀರ್ಘದ ಭೇದ ನಮಗೆ ಹುಟ್ಟಿನಿಂದ ಬಂದದ್ದು, ‘ಶಿಪ್’ ಮತ್ತು ‘ಶೀಪ್’ ಬೇರೆ ಮಾಡಲು ಕಷ್ಟಪಡುವುದಿಲ್ಲ. ಎಡವುವುದು ಬೇರೆ ಕಡೆ. ಪದದ ಮೊದಲ ‘ಎ’ಗೆ ಯಕಾರ, ‘ಒ’ಗೆ ವಕಾರ ಅಂಟುತ್ತದೆ: ‘ಯೆಗ್’, ‘ವೋನ್ಲಿ’. ಕೊನೆಯಲ್ಲಿ ಉಕಾರ ಸೇರುತ್ತದೆ: ‘ಬುಕ್ಕು’. ‘ಝೀರೋ’ ಹೋಗಿ ‘ಜೀರೋ’ ಆಗುತ್ತದೆ. ‘ವೆಸ್ಟ್’ ಎನ್ನುವಾಗ, ದಿಕ್ಕಾದರೆ ತುಟಿ ದುಂಡಗಾಗಬೇಕು, ಬನಿಯನ್ ಆದರೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಕನ್ನಡಿ ಮುಂದೆ ನಿಂತು ಹತ್ತು ಸಲ ಹೇಳಿದರೆ ಬಾಯಿಗೆ ತಿಳಿಯುತ್ತದೆ.

ಕನ್ನಡ ಬರೆದಂತೆ ಓದುವ ಭಾಷೆ, ಇಂಗ್ಲಿಷ್ ಅಲ್ಲ. ಭೂತಕಾಲದ ಕೊನೆಯ ‘ಇಡಿ’ ಅಕ್ಷರಗಳನ್ನು ಎಲ್ಲ ಕಡೆ ‘ಎಡ್’ ಎಂದು ಓದುವುದು ಇದರಿಂದ. ‘ವಾಕೆಡ್’ ಅಲ್ಲ ‘ವಾಕ್ಟ್’, ‘ಪ್ಲೇಯೆಡ್’ ಅಲ್ಲ ‘ಪ್ಲೇಡ್’. ಮೂಲಪದದ ಕೊನೆಯ ಧ್ವನಿ ಟ ಅಥವಾ ಡ ಆದಾಗ ಮಾತ್ರ ಒಂದು ಉಚ್ಚಾರ ಹೆಚ್ಚುತ್ತದೆ: ‘ವಾಂಟಿಡ್’, ‘ನೀಡಿಡ್’.

ಎಲ್ಲಕ್ಕಿಂತ ಮುಖ್ಯ ಒತ್ತು. ಕನ್ನಡದಲ್ಲಿ ಅಕ್ಷರಗಳೆಲ್ಲ ಸಾಲಾಗಿ ಸಮನಾಗಿ ನಡೆಯುತ್ತವೆ, ಇಂಗ್ಲಿಷ್ ಪದದಲ್ಲಿ ಒಂದು ಜಾಗ ಎದ್ದು ನಿಲ್ಲುತ್ತದೆ, ಉಳಿದವು ಕುಗ್ಗುತ್ತವೆ. ಒಂದು ನಿಯಮ ನೂರಾರು ಪದಕ್ಕೆ ಸಾಕು: ‘ಷನ್’, ‘ಇಕ್’, ‘ಇಟಿ’ ಎಂದು ಮುಗಿಯುವ ಪದದಲ್ಲಿ ಒತ್ತು ಅದರ ಹಿಂದಿನ ಜಾಗದಲ್ಲಿ. ‘ಎಜುಕೇಷನ್’ನಲ್ಲಿ ‘ಕೇ’, ‘ಎಕನಾಮಿಕ್’ನಲ್ಲಿ ‘ನಾ’, ‘ವೆಲಾಸಿಟಿ’ಯಲ್ಲಿ ‘ಲಾ’. ‘ಅರಿತ್ಮೆಟಿಕ್’ನಂಥ ಕೆಲವು ಇದಕ್ಕೆ ಹೊರತು. ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯುವುದು ಮೊದಲ ತಿಂಗಳಿಗೆ ಸರಿಯೇ. ಆದರೆ ಒತ್ತಿನ ಅಕ್ಷರದ ಮೇಲೆ ಗೆರೆ ಎಳೆಯಿರಿ.

ಪಾಠ ಕೇಳುವುದು, ಉತ್ತರ ಬರೆಯುವುದು

ನಾಳೆಯ ಪಾಠವನ್ನು ಇವತ್ತು ರಾತ್ರಿ ಹದಿನೈದು ನಿಮಿಷ ನೋಡಿ: ಶೀರ್ಷಿಕೆಗಳು, ದಪ್ಪಕ್ಷರದ ಪದಗಳು, ಚಿತ್ರಗಳು. ಹತ್ತು ಪದದ ಉಚ್ಚಾರಣೆ ಕೇಳಿ. ತರಗತಿಯಲ್ಲಿ ತಿಳಿದ ಪದ ಕೇಳಿಬಂದರೆ ಉಳಿದ ವಾಕ್ಯ ಅದಕ್ಕೆ ಜೋತು ಬರುತ್ತದೆ. ಟಿಪ್ಪಣಿ ಕನ್ನಡ ಇಂಗ್ಲಿಷ್ ಬೆರೆತೇ ಇರಲಿ. ತರಗತಿಯಲ್ಲಿ ಅರ್ಥ ಮುಖ್ಯ, ಭಾಷೆಯನ್ನು ಸಂಜೆ ಸರಿಮಾಡಬಹುದು. ಎನ್‌ಪಿಟಿಇಎಲ್ (ಐಐಟಿಗಳು ನಡೆಸುವ ಉಚಿತ ಆನ್‌ಲೈನ್ ಪಾಠಗಳ ತಾಣ) ಉಪನ್ಯಾಸಗಳಲ್ಲಿ ನಿಮ್ಮ ವಿಷಯದ್ದನ್ನು ಹುಡುಕಿ, ವೇಗವನ್ನು 0.75ಕ್ಕೆ ಇಳಿಸಿ, ಐದು ನಿಮಿಷವನ್ನು ಮೂರು ಸಲ ಕೇಳಿ: ಮೊದಲು ಅಡಿಬರಹ ಇಲ್ಲದೆ, ಆಮೇಲೆ ಇಟ್ಟುಕೊಂಡು, ಕೊನೆಗೆ ಮತ್ತೆ ಇಲ್ಲದೆ.

ಬರವಣಿಗೆಯಲ್ಲಿ ದೊಡ್ಡ ಶತ್ರು ಬಾಯಿಪಾಠ. ಒಂದು ಸಾಲು ಮರೆತರೆ ಮುಂದಿನದೆಲ್ಲ ಹೋಗುತ್ತದೆ, ಏಕೆಂದರೆ ಸಾಲಿಗೆ ಸಾಲು ಕಟ್ಟಿದ್ದು ಶಬ್ದ, ಅರ್ಥವಲ್ಲ. ಬದಲಿಗೆ ಚೌಕಟ್ಟು ಕಲಿಯಿರಿ. ವ್ಯಾಖ್ಯೆಗೆ ಒಂದು: ‘ಎಕ್ಸ್ ಈಸ್ ಎ ಪ್ರಾಸೆಸ್ ಇನ್ ವಿಚ್...’. ಕಾರಣಕ್ಕೆ ಒಂದು: ‘ದಿಸ್ ಹ್ಯಾಪನ್ಸ್ ಬಿಕಾಸ್...’. ಹೋಲಿಕೆಗೆ ಒಂದು: ‘ಎಕ್ಸ್ ಈಸ್..., ವೇರ್‌ಆ್ಯಸ್ ವೈ ಈಸ್...’. ಪರಿಣಾಮಕ್ಕೆ ಒಂದು: ‘ಆ್ಯಸ್ ಎ ರಿಸಲ್ಟ್...’. ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ, ಈ ನಾಲ್ಕರಲ್ಲಿ ನಾಲ್ಕು ವಾಕ್ಯ ಬರೆಯಿರಿ. ಒಂದು ವಾಕ್ಯ ಹದಿನೈದು ಪದ ದಾಟದಿರಲಿ. ಉದ್ದ ವಾಕ್ಯ ಪಾಂಡಿತ್ಯ ಎಂಬ ಭ್ರಮೆಗೆ ಅಂಕವಿಲ್ಲ.

ಮಾತು

1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ದಕ್ಷಿಣ ಭಾರತದ ಶಾಲೆಗಳಲ್ಲಿ, ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಪಾಠ ಬಿಟ್ಟು ಮಕ್ಕಳಿಗೆ ನಕ್ಷೆ, ರೈಲಿನ ವೇಳಾಪಟ್ಟಿಯಂಥ ಸಮಸ್ಯೆ ಕೊಟ್ಟು ಇಂಗ್ಲಿಷಿನಲ್ಲಿ ಬಿಡಿಸಲು ಹೇಳಿದರು. ಗಮನ ಅರ್ಥದ ಮೇಲಿದ್ದಾಗ ಭಾಷೆ ಒಳಗಿಳಿಯುತ್ತದೆ ಎಂಬುದು ಅವರ ವಾದ. ‘ಬೆಂಗಳೂರು ಯೋಜನೆ’ ಎಂದೇ ಭಾಷಾ ಶಿಕ್ಷಣದ ಲೋಕ ಅದನ್ನು ಇಂದಿಗೂ ನೆನೆಯುತ್ತದೆ. ವ್ಯಾಕರಣವನ್ನು ಪೂರ್ತಿ ಬಿಡುವುದು ದೊಡ್ಡ ವಯಸ್ಸಿನವರಿಗೆ ಸರಿಹೋಗದು, ಆದರೆ ಮಾತಿನ ಅಭ್ಯಾಸಕ್ಕೆ ಈ ದಾರಿ ಹಾಸ್ಟೆಲ್ ಕೋಣೆಯಲ್ಲೂ ನಡೆಯುತ್ತದೆ.

ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಿ. ಒಬ್ಬರ ಕೈಯಲ್ಲಿ ಒಂದು ಸರ್ಕ್ಯೂಟ್ ಚಿತ್ರವೋ ಹೂವಿನ ಸೀಳು ಚಿತ್ರವೋ ಇರಲಿ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ಚಿತ್ರ ಇರುವವರು ಇಂಗ್ಲಿಷಿನಲ್ಲಿ ಹೇಳುತ್ತ ಹೋಗಬೇಕು, ಇನ್ನೊಬ್ಬರು ಬಿಡಿಸಬೇಕು. ಹತ್ತು ನಿಮಿಷ. ಕೊನೆಗೆ ಎರಡೂ ಚಿತ್ರ ಪಕ್ಕದಲ್ಲಿಟ್ಟರೆ ಎಲ್ಲಿ ಮಾತು ತಪ್ಪಿತು ಎಂದು ಕಣ್ಣಿಗೇ ಕಾಣುತ್ತದೆ, ಯಾರೂ ಬೈಯಬೇಕಿಲ್ಲ. ನಡುವೆ ಪದ ಸಿಗದಿದ್ದರೆ ಕನ್ನಡ ಪದ ಹಾಕಿ ಮುಂದೆ ಹೋಗಿ, ಆಮೇಲೆ ಹುಡುಕಿ ಸೇತುವೆ ಪುಸ್ತಕಕ್ಕೆ ಸೇರಿಸಿ.

ನಗುವ ಭಯ ನಿಜವಾದದ್ದು. ಮೂರು ನಾಲ್ಕು ಜನ ಸೇರಿ ಮೊದಲೇ ಮಾತು ಮಾಡಿಕೊಳ್ಳಿ: ಮಾತಾಡುವಾಗ ಯಾರೂ ತಿದ್ದಬಾರದು, ಯಾರೂ ನಗಬಾರದು, ಮುಗಿದ ಮೇಲೆ ಒಂದೇ ಒಂದು ತಪ್ಪು ಹೇಳಬೇಕು. ವಾರಕ್ಕೆ ಮೂರು ದಿನ ಸಾಕು. ನಗುವವರನ್ನು ಗುಂಪಿನಿಂದ ಹೊರಗಿಡಲು ಹಿಂಜರಿಯಬೇಡಿ.

ವೈವಾಕ್ಕೆ ಮೂರು ವಾಕ್ಯ ನಾಲಿಗೆ ತುದಿಯಲ್ಲಿರಲಿ. ‘ಕುಡ್ ಯು ಪ್ಲೀಸ್ ರಿಪೀಟ್ ದ ಕ್ವೆಶ್ಚನ್?’ ಎಂದರೆ ಯೋಚಿಸಲು ಐದು ಸೆಕೆಂಡ್ ಸಿಗುತ್ತದೆ. ‘ಡು ಯು ಮೀನ್...?’ ಎಂದು ಕೇಳಿದರೆ ಪ್ರಶ್ನೆ ಸರಿಯಾಗಿ ಹಿಡಿದಿದ್ದೀರೋ ಇಲ್ಲವೋ ತಿಳಿಯುತ್ತದೆ. ‘ಮೇ ಐ ಡ್ರಾ ಇಟ್ ಆ್ಯಂಡ್ ಎಕ್ಸ್‌ಪ್ಲೇನ್?’ ಎಂದು ಹಾಳೆ ತೆಗೆದುಕೊಂಡರೆ ಕೈ ಚಿತ್ರ ಬರೆಯುತ್ತಿರುವಾಗ ಬಾಯಿಗೆ ಪದಗಳು ಒಂದೊಂದಾಗಿ ಬರುತ್ತವೆ: ಇದು ಪೊರೆ, ‘ಮೆಂಬ್ರೇನ್’, ಇಲ್ಲಿ ನೀರು ಹೆಚ್ಚು, ‘ಮೋರ್ ವಾಟರ್ ಹಿಯರ್’, ಬಾಣ ಈ ಕಡೆಗೆ, ‘ವಾಟರ್ ಮೂವ್ಸ್ ದಿಸ್ ವೇ’.